ಮೂರು ವರ್ಷದ ಕೈಗೆ ಪೆನ್ಸಿಲ್ ಯಾಕೆ?

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗುವ ಈ ದಿನಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮೂರು-ನಾಲ್ಕು ವರ್ಷದ ಮಕ್ಕಳಿಗೆಂದು ತಂದೆ-ತಾಯಿ ಕೊಳ್ಳುವುದು ಕಾಪಿ ಪುಸ್ತಕ, ನಾಲ್ಕು ಗೆರೆಯ ನೋಟ್‌ಬುಕ್, ಪೆನ್ಸಿಲ್. ಕಥೆ ಪುಸ್ತಕ ಕೇಳುವವರು ಅಪರೂಪ. ಓದು ಅಂದರೆ ಅಕ್ಷರ, ಅಕ್ಷರ ಅಂದರೆ ಬರೆಯುವುದು, ಅದನ್ನು ಕಲಿಸುವುದು ಮಿಸ್ ಕೆಲಸ ಎಂಬ ನಂಬಿಕೆ ಇದರ ಹಿಂದಿದೆ. ಹೀಗೆ ನಂಬಿದ ಮನೆಯಲ್ಲಿ ಸಂಜೆ ತಿದ್ದಿಸುವುದು ನಡೆಯುತ್ತದೆ; ಮಗುವಿನ ಜೊತೆ ಪುಸ್ತಕ ಹಿಡಿದು ಮಾತಾಡುವುದು ನಡೆಯುವುದಿಲ್ಲ.

ಕನ್ನಡದ ಲೆಕ್ಕವನ್ನೇ ನೋಡಿ. ವರ್ಣಮಾಲೆಯಲ್ಲಿ ಅಂ, ಅಃ ಸೇರಿ 49 ಅಕ್ಷರ. ಆದರೆ 34 ವ್ಯಂಜನಕ್ಕೆ 13 ಸ್ವರ ಸೇರಿದರೆ ಕಾಗುಣಿತವೇ 442 ರೂಪ ಆಗುತ್ತದೆ, ಒತ್ತಕ್ಷರ ಬೇರೆ. ಇಷ್ಟನ್ನೂ ಕಂಠಪಾಠದಿಂದ ದಾಟಿಸಲು ಆಗುವುದಿಲ್ಲ. ‘ಅ ಆ ಇ ಈ’ ಗಡಗಡ ಒಪ್ಪಿಸುವ ಮಗು ‘ಕೊಡೆ’ ಎಂದು ಬರೆದದ್ದರ ಮುಂದೆ ನಿಂತುಬಿಡುವುದು ಇದಕ್ಕೇ. ಮಾತು ತುಂಡು ತುಂಡು ಸದ್ದುಗಳಿಂದ ಆಗಿದೆ ಎಂದು ಆ ಮಗುವಿನ ಕಿವಿಗೆ ಇನ್ನೂ ಹೊಳೆದಿಲ್ಲ. ಆ ಕಿವಿ ಪಳಗುವುದಕ್ಕೆ ಪೆನ್ಸಿಲ್ ಬೇಡ. ರಾ-ಗಿ, ಟೊ-ಮೆ-ಟೊ ಎಂದು ಚಪ್ಪಾಳೆ ತಟ್ಟಿ ಎಣಿಸುವುದು, ‘ಕಾಗೆ’ಯ ಹಾಗೆ ‘ಕಾ’ದಿಂದ ಶುರುವಾಗುವ ಇನ್ನೊಂದು ಹೆಸರು ಹುಡುಕುವುದು, ಶಿಶುಪ್ರಾಸ, ಒಗಟು ಸಾಕು. ಹಸುವಿನ ಹಾಲು ಕರೆಯುತ್ತಲೇ ಆಡಿಸಬಹುದು.

ಮೂರರ ಮಗು ಪೆನ್ಸಿಲ್ಲನ್ನು ಮುಷ್ಟಿಯಲ್ಲೇ ಹಿಡಿಯುವುದು ಸಹಜ; ಬೆರಳು, ಮಣಿಕಟ್ಟಿನ ಹಿಡಿತ ಇನ್ನೂ ಬಂದಿರುವುದಿಲ್ಲ. ಕೈ ಹಿಡಿದು ಪುಟಗಟ್ಟಲೆ ತಿದ್ದಿಸಿದರೆ ಕೈ ನೋಯುತ್ತದೆ, ನೋಟ್‌ಬುಕ್ ಕಂಡರೆ ಮಗು ಓಡುತ್ತದೆ. ಬದಲಿಗೆ ಅವರೆಕಾಯಿ ಸುಲಿಯಲಿ, ಚಪಾತಿ ಹಿಟ್ಟು ನಾದಲಿ, ಮಣ್ಣಿನಲ್ಲಿ ಕಡ್ಡಿಯಿಂದ ಗೀಚಲಿ. (ಕಾಳು ಕೊಟ್ಟಾಗ ಪಕ್ಕದಲ್ಲೇ ದೊಡ್ಡವರು ಇರಬೇಕು. ಮೂಗಿಗೆ ತುರುಕಿಕೊಳ್ಳುವ ವಯಸ್ಸು ಅದು.)

ಇನ್ನು ಪುಸ್ತಕ. ಎಂಟರಿಂದ ಹದಿನಾರು ಪುಟ, ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ ಇರುವಂಥದ್ದು ಆರಿಸಿ. ಮಗುವನ್ನು ಎದುರಿಗಲ್ಲ, ಪಕ್ಕದಲ್ಲಿ ಅಥವಾ ಮಡಿಲಲ್ಲಿ ಕೂರಿಸಿಕೊಳ್ಳಿ. ಪುಟ ಅದೇ ತಿರುವಲಿ. ಮೊದಲ ದಿನ ಚಿತ್ರ ಮಾತ್ರ. ‘ಇಲ್ಲೇನಾಗ್ತಿದೆ?’ ಎಂದು ಕೇಳಿ ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಹೆಚ್ಚಿನವರು ತಪ್ಪುವುದೇ ಇಲ್ಲಿ. ಕೇಳಿದವರೇ ಉತ್ತರವನ್ನೂ ಹೇಳಿ ಮುಂದಕ್ಕೆ ಹೋಗುತ್ತಾರೆ. ಮಗು ‘ನಾಯಿ’ ಎಂದರೆ ‘ಹೌದು, ಕರಿ ನಾಯಿ ಬೇಲಿ ಹಾರ್ತಿದೆ’ ಎಂದು ಅದರ ಮಾತಿಗೇ ನಾಲ್ಕು ಮಾತು ಸೇರಿಸಿ. ಎರಡನೇ ದಿನ ಸಾಲು ಓದಿ, ಆಗಾಗ ಸಾಲಿನ ಕೆಳಗೆ ಬೆರಳಾಡಿಸಿ. ಬರಹ ಎಡದಿಂದ ಬಲಕ್ಕೆ ಹೋಗುತ್ತದೆ, ಮಾತು ಹುಟ್ಟುವುದು ಆ ಗೆರೆಗಳಿಂದ ಎಂದು ಮಗುವಿಗೆ ಗೊತ್ತಾಗುವುದು ಹೀಗೆ. ನಾಲ್ಕೈದು ದಿನ ಅದೇ ಪುಸ್ತಕ ಇರಲಿ. ‘ಓದಿದ್ದನ್ನೇ ಯಾಕೆ ಓದೋದು’ ಎಂದು ಅಪ್ಪಂದಿರಿಗೆ ಬೇಸರ ಬರಬಹುದು, ಮಗುವಿಗೆ ಬರುವುದಿಲ್ಲ. ಮೂರನೇ ಸಲಕ್ಕೆ ಅದೇ ಮುಂದಿನ ಪುಟ ಹೇಳತೊಡಗುತ್ತದೆ. ಹತ್ತು ನಿಮಿಷ ಸಾಕು. ಎದ್ದು ಹೋದರೆ ಹೋಗಲಿ, ಮುಗಿಸಲೇಬೇಕೆಂದು ಹಿಡಿದು ಕೂರಿಸಬೇಡಿ. ‘ಇದ್ಯಾವ ಬಣ್ಣ, ಅದೆಷ್ಟು’ ಎಂದು ಸಾಲಾಗಿ ಪ್ರಶ್ನೆ ಹಾಕಿದರೆ ಅದೂ ಪರೀಕ್ಷೆಯೇ.

‘ನಾನು ಓದಿಲ್ಲಮ್ಮ, ನನ್ನ ಕೈಲಿ ಏನಾಗುತ್ತೆ?’ ಎನ್ನುವ ತಾಯಂದಿರಿಗೆ ಮೇಲಿನದರಲ್ಲಿ ಸಾಲು ಓದುವುದೊಂದನ್ನು ಬಿಟ್ಟು ಎಲ್ಲವೂ ಸಾಧ್ಯ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನ ಬಹಳ ಮನೆಗಳಲ್ಲಿ ಮಾತು ತೆಲುಗು, ಇನ್ನು ಕೆಲವೆಡೆ ಉರ್ದು. ಮಗುವಿಗೆ ಗೊಂದಲವಾದೀತೆಂದು ಹೆದರಿ, ಬಾರದ ಇಂಗ್ಲಿಷಿನಲ್ಲಿ ‘ಕಮ್, ಸಿಟ್’ ಎನ್ನುತ್ತಾ ಕಥೆ ಹೇಳುವುದನ್ನೇ ನಿಲ್ಲಿಸಿದ ಮನೆಗಳಿವೆ. ಇದು ದೊಡ್ಡ ನಷ್ಟ. ಕನ್ನಡ ಪುಸ್ತಕದ ಚಿತ್ರ ತೋರಿಸಿ ತೆಲುಗಿನಲ್ಲೇ ಕಥೆ ಹೇಳಿ. ಕಥೆಯ ನಡೆ, ಪದಗಳ ಸಂಗ್ರಹ, ಮುಂದೇನಾಗಬಹುದೆಂಬ ಊಹೆ ಯಾವ ಭಾಷೆಯಲ್ಲಿ ಬೆಳೆದರೂ ಓದಿಗೆ ಒದಗುತ್ತವೆ. 3ರಿಂದ 8 ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಮನೆಮಾತಿಗೇ ಒತ್ತು ಕೊಟ್ಟಿದೆ.

ಹೊತ್ತಿಲ್ಲ ಎಂಬುದು ಸುಳ್ಳಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದು ಸೊಪ್ಪಿಗೆ ಮುಗಿಬೀಳುವ ವಾರ ಮನೆಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಆ ವಾರ ಎರಡು-ಮೂರನೇ ತರಗತಿಯ ಅಕ್ಕನೋ ಅಣ್ಣನೋ ಓದಿ ಹೇಳಲಿ. ಅವರ ಓದೂ ಸರಾಗವಾಗುತ್ತದೆ. ಅವರು ಕೋಲು ಹಿಡಿದು ಮೇಷ್ಟ್ರಾಟ ಆಡದಂತೆ ನೋಡಿಕೊಂಡರೆ ಸರಿ. ಡೇರಿಗೆ ಹೋಗುವಾಗ ಬೋರ್ಡು, ಬಸ್ಸಿನ ಊರ ಹೆಸರು, ಹಾಲಿನ ಪ್ಯಾಕೆಟ್ಟಿನ ‘ನಂದಿನಿ’ ತೋರಿಸುವುದಕ್ಕೆ ಬೇರೆ ಸಮಯ ಬೇಕಿಲ್ಲ. ಮೊಬೈಲಿನ ಪದ್ಯದ ವಿಡಿಯೊ ಇದಕ್ಕೆ ಬದಲಿಯಲ್ಲ. ಅದು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ.

ಆಗಬೇಕಾದ ಕೆಲಸ ಎರಡಿದೆ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಭಾಷಣ ಬಿಟ್ಟು, ಒಂದು ಮಗು, ಒಂದು ಪುಸ್ತಕ ಇಟ್ಟುಕೊಂಡು ಹತ್ತು ನಿಮಿಷ ಓದಿ ತೋರಿಸಲಿ. ‘ಬರೆಸಿ’ ಎಂದು ಒತ್ತಾಯಿಸುವ ಪೋಷಕರ ಮನಸ್ಸು ಬದಲಾಗುವುದು ಕಣ್ಣಾರೆ ಕಂಡಾಗ. ಇನ್ನೊಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳದ್ದು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಶಾಲಾ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಶಾಲೆಗೆ ಇನ್ನೂ ಸೇರದ ಮಕ್ಕಳ ಚಿತ್ರ ಪುಸ್ತಕಗಳನ್ನೂ ತಾಯಿಯ ಹೆಸರಿನಲ್ಲಿ ವಾರಕ್ಕೆರಡು ಮನೆಗೆ ಕೊಡಲಿ. ಹರಿದರೆ ಲೆಕ್ಕ ಕೊಡಬೇಕಾದೀತೆಂಬ ಭಯಕ್ಕೆ ಹೊಸ ಪುಸ್ತಕಗಳು ಬೀರುವಿನಲ್ಲೇ ಉಳಿಯುತ್ತವೆ. ವರ್ಷಕ್ಕೆ ಇಷ್ಟು ಪುಸ್ತಕ ಹರಿಯಬಹುದು ಎಂದು ಮೊದಲೇ ದಾಸ್ತಾನು ಲೆಕ್ಕದಲ್ಲಿ ವಿನಾಯಿತಿ ತೋರಿಸಲು ಜಿಲ್ಲಾ ಪಂಚಾಯಿತಿ ಅನುಮತಿ ಕೊಟ್ಟರೆ ಬೀರುವಿನ ಬೀಗ ತೆಗೆಯಲು ಯಾರೂ ಹೆದರಬೇಕಿಲ್ಲ.

– ಪೂರ್ವ ಪ್ರಾಥಮಿಕ ಶಿಕ್ಷಕಿಯರು,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ