ದೆವ್ವವಲ್ಲ, ಕಣಜ ಗೂಬೆ

ಮಾನ್ಯರೇ,

ಮಂಡ್ಯ ಸೀಮೆಯ ಪಾಳುಮನೆ, ಹಳೆ ಗುಡಿಗಳಲ್ಲಿ ದೆವ್ವ ಕೂಗಿತೆಂಬ ಸುದ್ದಿ ಅಚ್ಚು ಮಾಡುವ ಮುನ್ನ ದಯವಿಟ್ಟು ಗೋಡೆಯ ಬುಡ ನೋಡಿಸಿ. ಅಲ್ಲಿ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳಿದ್ದರೆ ನೀರಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸಬೇಕು. ಒಳಗೆ ಸಿಗುವುದು ಇಲಿಯ ಕೂದಲು, ತಲೆಬುರುಡೆ, ಮೂಳೆ. ಇದು ಮಾಟವಲ್ಲ; ಇಲಿಯನ್ನು ಇಡಿಯಾಗಿ ನುಂಗುವ ಕಣಜ ಗೂಬೆ ಅರಗದ್ದನ್ನು ಕಕ್ಕಿದ್ದು. ಈ ಗೂಬೆ 'ಗೂಕ್' ಎನ್ನುವುದಿಲ್ಲ, ಹೆಂಗಸು ಚೀರಿದಂತೆ ಕಿರುಚುತ್ತದೆ. ಮುಖ ಬಿಳುಪು, ರೆಕ್ಕೆಯ ಅಂಚು ನವಿರಾದ್ದರಿಂದ ತಲೆಯ ಮೇಲೆ ಹಾರಿದರೂ ಸದ್ದೇ ಇಲ್ಲ. ಅಟ್ಟದಲ್ಲಿ ಯಾರೋ ಗೊರಕೆ ಹೊಡೆದಂತೆ ಕೇಳುವುದು ಹಸಿದ ಮರಿಗಳ ದನಿ.

ಹೆದರಿ ಗೂಡಿಗೆ ಹೊಗೆ ಹಾಕುವುದು, ಕಲ್ಲು ಹೊಡೆಯುವುದು ದೊಡ್ಡ ಅನ್ಯಾಯ. ಭತ್ತ, ಕಬ್ಬಿನ ಗದ್ದೆಗೆ ಇಂಥ ಕಾವಲುಗಾರ ಇನ್ನೊಬ್ಬನಿಲ್ಲ. ಮೊಟ್ಟೆಗೆ ಸುಮಾರು 30 ದಿನ ಕಾವು, ಮರಿ ಹಾರಲು ಮತ್ತೆರಡು ತಿಂಗಳು. ಅಷ್ಟು ತಾಳಿ, ಗೂಡು ಖಾಲಿಯಾದ ಮೇಲೆ ಬೇಕಿದ್ದರೆ ಕಂಡಿಗೆ ತಂತಿಬಲೆ ಹೊಡೆಯಲಿ. ಸುತ್ತಮುತ್ತ ಇಲಿಪಾಷಾಣ ಇಡುವುದಂತೂ ಬೇಡ. ವಿಷ ತಿಂದ ಇಲಿಯನ್ನು ನುಂಗಿ ಗೂಬೆಯೂ ಸಾಯುತ್ತದೆ.

– ಓದುಗರೊಬ್ಬರು, ಶ್ರೀರಂಗಪಟ್ಟಣ