ಪಂಜು ಎಷ್ಟು ಉಳಿದಿದೆ ಅಂತ ಬರೆದಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಕನ್ನಡ ಪತ್ರಿಕೆಯೊಂದರಲ್ಲಿ ಇಪ್ಪತ್ತು ಮುಖದ ದಾಳದ ಚಿತ್ರ ನೋಡುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಹೊಸಬರಿಗೆ ಕೊಟ್ಟ ಸಲಹೆಗಳಲ್ಲಿ ಒಂದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಸಾಮಾನಿನ ತೂಕ, ಊಟ, ನೀರು, ಬೆಳಕು ಇವುಗಳ ಲೆಕ್ಕ ಬಿಟ್ಟುಬಿಡಿ, ಆಟ ಸಲೀಸಾಗುತ್ತದೆ ಅಂತ ಬರೆದಿದ್ದಾರೆ. ಸಲೀಸಾಗುತ್ತದೆ, ನಿಜ. ಉಪ್ಪು ಹಾಕದಿದ್ದರೆ ಅಡುಗೆಯೂ ಸಲೀಸೇ.

ನಾನು ಮೈಸೂರಿನವನು, ಎಂಟು ವರ್ಷದಿಂದ ಮನೆಯಲ್ಲಿ ಈ ಆಟ ಆಡಿಸುತ್ತಿದ್ದೇನೆ. ಲೇಖನ ಓದದವರಿಗೆ ಎರಡೇ ಮಾತು: ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಿಎಂ ಅನ್ನುತ್ತೇವೆ. ಉಳಿದ ನಾಲ್ಕೈದು ಜನ ಯೋಧ, ಕಳ್ಳ, ಮಂತ್ರಗಾರ ಹೀಗೆ ಒಂದೊಂದು ಪಾತ್ರ ಹಿಡಿಯುತ್ತಾರೆ. ಪಾತ್ರದ ಹತ್ತಿರ ಏನೇನಿದೆ ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದಿರುತ್ತೇವೆ. ಪುಸ್ತಕದಲ್ಲಿ ಇರುವ ಹೆಸರು ಟಾರ್ಚ್, ರೇಷನ್. ಮೊದಲ ದಿನ ಒಬ್ಬ ಹುಡುಗ ಟಾರ್ಚಿಗೆ ಸೆಲ್ ಬೇರೆ ತಗೋಬೇಕಾ ಅಂತ ಕೇಳಿದ. ಅವನ ಅಕ್ಕ ರೇಷನ್ ಅಂದ್ರೆ ಅಕ್ಕಿನಾ ರಾಗಿನಾ ಅಂದಳು. ಅವತ್ತಿನಿಂದ ನಮ್ಮ ಹಾಳೆಯಲ್ಲಿ ಪಂಜು, ಬುತ್ತಿ ಅಂತಲೇ ಬರೆಯುತ್ತೇವೆ.

ಲೇಖಕರು ಯಾಕೆ ಹಾಗೆ ಬರೆದರು ಅನ್ನೋದು ನನಗೆ ಅರ್ಥವಾಗುತ್ತದೆ. 2014ರ ಐದನೇ ಆವೃತ್ತಿಯ ನಿಯಮ ಹಿಡಿದು ನೋಡಿ. ಶಕ್ತಿಯ ಅಂಕವನ್ನು 15ರಿಂದ ಗುಣಿಸಿದರೆ ಎಷ್ಟು ಪೌಂಡ್ ಹೊರಬಹುದು ಅಂತ ಸಿಗುತ್ತದೆ. ಶಕ್ತಿ 8 ಇರುವ ಬಡಕಲು ಮಂತ್ರಗಾರ 120 ಪೌಂಡ್, ಅಂದರೆ ಸುಮಾರು 54 ಕಿಲೋ ಹೊತ್ತುಕೊಂಡು ಏನೂ ಆಗದವನ ಹಾಗೆ ಓಡಾಡಬಹುದು! ಅಕ್ಕಿ ಮಂಡಿಯ ಹಮಾಲರು ಕೇಳಿದರೆ ನಗುತ್ತಾರೆ. ಇದು ಬೇಡ ಅನ್ನುವವರಿಗೆ ಅದೇ ಪುಸ್ತಕದಲ್ಲಿ ಇನ್ನೊಂದು ನಿಯಮವಿದೆ. ಹೊರೆ ಶಕ್ತಿಯ ಐದು ಪಟ್ಟು ದಾಟಿದರೆ ಒಂದು ಸರದಿಯಲ್ಲಿ ನಡೆಯೋ ದೂರ 10 ಅಡಿ ಕಡಿಮೆ, ಹತ್ತು ಪಟ್ಟು ದಾಟಿದರೆ 20 ಅಡಿ ಕಡಿಮೆ. ಆದರೆ ಹೊಸಬರು ಕೊಳ್ಳುವ ಎಕ್ಸ್‌ಪ್ಲೋರರ್ಸ್ ಪ್ಯಾಕ್ ಇದೆಯಲ್ಲ, ಹತ್ತು ಪಂಜು, ಹತ್ತು ದಿನದ ಬುತ್ತಿ, ಹಾಸಿಗೆ, 50 ಅಡಿ ಹಗ್ಗ ಎಲ್ಲ ಸೇರಿ ಅದೊಂದೇ 59 ಪೌಂಡ್ ಬರುತ್ತದೆ. ನಮ್ಮ ಮಂತ್ರಗಾರನ ಮಿತಿ 40. ಪಾಪ, ಆಟ ಶುರುವಾಗೋ ಮೊದಲೇ ಸೊಂಟ ಹಿಡಿದುಕೊಂಡು ನಡೆಯಬೇಕು. ಕ್ಯಾಲ್ಕುಲೇಟರ್ ಹಿಡಿದು ಇಷ್ಟು ಕೂಡಿಸಿ ಕಳೆಯೋ ಹೊತ್ತಿಗೆ ಕಾಫಿ ಆರಿರುತ್ತದೆ, ಎರಡನೇ ವಾರ ಯಾರೂ ಬರೆಯೋದಿಲ್ಲ. ನಾನೂ ಬಿಟ್ಟಿದ್ದೆ.

ಬಿಟ್ಟ ಮೇಲೆ ಏನಾಯಿತು ಅಂದರೆ, ಎಲ್ಲರ ಹತ್ತಿರ ಎಲ್ಲವೂ ಇತ್ತು. ಬಾವಿ ಬಂದರೆ ಹಗ್ಗ, ಬಾಗಿಲು ಬಂದರೆ ಹಾರೆ. ಏಣಿ ಎಲ್ಲಿಂದ ಬಂತಪ್ಪ ಅಂತ ಕೇಳಿದರೆ ಮೊದಲಿಂದಲೂ ಇತ್ತು ಅನ್ನೋರು. ಮರುಭೂಮಿಗೆ ಕಳಿಸಿದರೂ ಯಾರಿಗೂ ಬಾಯಾರಲಿಲ್ಲ. ಪುಸ್ತಕದ ಪ್ರಕಾರ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಹತ್ತಿರ ಹತ್ತಿರ ನಾಲ್ಕು ಲೀಟರ್ ನೀರು ಬೇಕು, ಬಿಸಿಲಲ್ಲಿ ಅದರ ಎರಡರಷ್ಟು. ನೀರಿನ ಚೀಲದಲ್ಲಿ ಹಿಡಿಸೋದು ಅರ್ಧ ಗ್ಯಾಲನ್. ಅಂದರೆ ಒಂದು ಚೀಲ ಬಿಸಿಲಲ್ಲಿ ಕಾಲು ದಿನಕ್ಕೆ ಖಾಲಿ. ಬೇಸಿಗೆಯಲ್ಲಿ ಒಂದೇ ಬಾಟಲಿ ಹಿಡಿದು ಬೆಟ್ಟ ಹತ್ತಿದವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನೀರು ಎಲ್ಲಿ ಸಿಗುತ್ತೆ ಅನ್ನೋ ಒಂದೇ ಪ್ರಶ್ನೆಯಿಂದ ಒಂದಿಡೀ ಸಂಜೆಯ ಆಟ ನಡೆಯಬಹುದಿತ್ತು. ಅದನ್ನು ನಾನೇ ಕೈಯಾರೆ ಕಿತ್ತು ಬಿಸಾಕಿದ್ದೆ.

ಹಳೆಯ ಪುಸ್ತಕ ತೆರೆದು ನೋಡಿದಾಗ ಈ ಲೆಕ್ಕ ಯಾಕಿತ್ತು ಅಂತ ಗೊತ್ತಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಇದು. 1981ರ ಬೇಸಿಕ್ ಆವೃತ್ತಿಯಲ್ಲಿ ತೂಕವನ್ನು ನಾಣ್ಯದಲ್ಲೇ ಅಳೆಯುತ್ತಿದ್ದರು, ಹತ್ತು ನಾಣ್ಯಕ್ಕೆ ಒಂದು ಪೌಂಡ್. ಹೊರಗೆ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅನುಭವದ ಅಂಕ, ಪಾತ್ರ ಮೇಲಿನ ಹಂತಕ್ಕೆ ಏರೋದು ಈ ಅಂಕದಿಂದಲೇ. ಸಾವಿರ ನಾಣ್ಯ ಸಿಕ್ಕಿತು ಅಂದರೆ 45 ಕಿಲೋ ಹೊರೆ. ರಾಕ್ಷಸನನ್ನು ಹೊಡೆಯೋದಕ್ಕಿಂತ ಅವನ ಕಣ್ಣು ತಪ್ಪಿಸಿ ಆ ಮೂಟೆಯನ್ನು ಹೊರಗೆ ಸಾಗಿಸೋದೇ ದೊಡ್ಡ ಕೆಲಸ. ಒಂದು ಪಂಜು ಉರಿಯೋದು ಒಂದು ಗಂಟೆ, ಹೊರೆ ಹೆಚ್ಚಾದರೆ ನಡಿಗೆ ನಿಧಾನ, ನಡಿಗೆ ನಿಧಾನವಾದರೆ ಪಂಜು ಜಾಸ್ತಿ ಬೇಕು, ಪಂಜು ಜಾಸ್ತಿ ಹೊತ್ತರೆ ಚಿನ್ನಕ್ಕೆ ಜಾಗ ಇಲ್ಲ. ಈಗಿನ ಆವೃತ್ತಿಯಲ್ಲಿ 50 ನಾಣ್ಯಕ್ಕೆ ಒಂದು ಪೌಂಡ್. ದುಡ್ಡು ಹಗುರವಾಯಿತು, ಜೊತೆಗೆ ಆ ಚಿಂತೆಯೂ ಹೋಯಿತು.

ಪೌಂಡು ಔನ್ಸಿನ ಗೋಜಲಿಲ್ಲದೆ ಇದನ್ನು ವಾಪಸ್ ತರಬಹುದು. ಇದೇ ಥರದ ಇನ್ನೊಂದು ಆಟ, ಕೆಲ್ಸಿ ಡಿಯೋನ್ ಅವರ ಶ್ಯಾಡೋಡಾರ್ಕ್, 2023ರಲ್ಲಿ ಬಂತು, ಅದರ ಲೆಕ್ಕ ಒಂದನೇ ಕ್ಲಾಸಿನ ಮಗುವೂ ಮಾಡುತ್ತದೆ. ನಿಮ್ಮ ಶಕ್ತಿಯ ಅಂಕ ಎಷ್ಟೋ ಅಷ್ಟು ಖಾನೆ, ಹತ್ತಕ್ಕಿಂತ ಕಡಿಮೆ ಇದ್ದರೆ ಹತ್ತು. ಒಂದು ಪಂಜಿಗೆ ಒಂದು ಖಾನೆ, ಹಗ್ಗಕ್ಕೆ ಒಂದು, ಮೂರು ಬುತ್ತಿಗೆ ಒಂದು. ಮೊದಲ ನೂರು ನಾಣ್ಯ ಬಿಟ್ಟಿ, ಆಮೇಲೆ ನೂರಕ್ಕೆ ಒಂದು. ಖಾನೆ ತುಂಬಿತೋ, ಮುಗಿಯಿತು. ಗುಣಾಕಾರ ಇಲ್ಲ. ಪಂಜು ಮಾತ್ರ ನಿಜವಾದ ಒಂದು ಗಂಟೆ ಉರಿಯುತ್ತದೆ, ಮೊಬೈಲ್‌ನಲ್ಲಿ ಅಲಾರಂ ಇಟ್ಟು ಮೇಜಿನ ಮಧ್ಯೆ ಇಡುತ್ತೇವೆ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ಒಂದು ಸಂಜೆಯ ಕಥೆ ಹೇಳುತ್ತೇನೆ. ನಮ್ಮಲ್ಲಿ ಕಳ್ಳಿಯ ಪಾತ್ರ ಆಡುವ ಗೆಳತಿ ಬ್ಯಾಂಕಿನಲ್ಲಿ ಕ್ಯಾಷಿಯರ್. ವಾರವಿಡೀ ಎಣಿಸೋದು ಸಾಲದಾ, ಭಾನುವಾರವೂ ಎಣಿಸಬೇಕಾ ಅಂತ ಮೊದಲು ಗೊಣಗಿದ್ದಳು. ಗುಹೆಯ ಒಳಗೆ ಒಂದು ಪೆಟ್ಟಿಗೆ ಸಿಕ್ಕಿತು, 1,200 ತಾಮ್ರದ ಕಾಸು. ಬೆಲೆ ಕಟ್ಟಿದರೆ ಹನ್ನೆರಡೇ ಚಿನ್ನದ ನಾಣ್ಯ, ಬಿಟ್ಟಿಯ ನೂರು ಎಲ್ಲರದ್ದೂ ಆಗಲೇ ತುಂಬಿದ್ದರಿಂದ ಹೊರಬೇಕಾದ್ದು ಹನ್ನೆರಡು ಖಾನೆ. ನಾಲ್ಕು ಜನ, ಎಲ್ಲರ ಹಾಳೆಯೂ ಭರ್ತಿ. ಹಗ್ಗ ಬಿಡೋಣ ಅಂತ ಒಬ್ಬ, ಬುತ್ತಿ ಬಿಡೋಣ ಅಂತ ಇನ್ನೊಬ್ಬ, ಯೋಧ ಗುರಾಣಿ ಮುಟ್ಟಬೇಡಿ ಅಂತ ಜಗಳ. ಇಪ್ಪತ್ತು ನಿಮಿಷ ಹೀಗೇ ಹೋಯಿತು, ಅಷ್ಟೂ ಹೊತ್ತು ಪಂಜು ಉರಿಯುತ್ತಿದೆ! ಕೊನೆಗೆ ಹಗ್ಗ, ಬುತ್ತಿ ಮತ್ತು ಕೊನೆಯ ಪಂಜನ್ನು ಅಲ್ಲೇ ಇಟ್ಟು ಕಾಸು ತುಂಬಿಕೊಂಡರು, ಹೇಗೂ ವಾಪಸ್ ದಾರಿ ಗೊತ್ತಲ್ಲ ಅಂತ. ಅರ್ಧ ದಾರಿಯಲ್ಲಿ ಅಲಾರಂ ಹೊಡೆಯಿತು. ಯಾರೂ ಮಾತಾಡಲಿಲ್ಲ. ಶ್ಯಾಡೋಡಾರ್ಕ್‌ನಲ್ಲಿ ಕತ್ತಲಲ್ಲಿ ಕಣ್ಣು ಕಾಣೋದು ರಾಕ್ಷಸರಿಗೆ ಮಾತ್ರ. ಯೋಧ ಉಳಿಯಲಿಲ್ಲ. ಅವತ್ತಿನಿಂದ ಪಂಜಿನ ಲೆಕ್ಕ ಆ ಕ್ಯಾಷಿಯರ್ ಕೈಯಲ್ಲಿದೆ, ನಾನು ಕೇಳದೇ ಇದ್ದರೂ ಅವಳೇ ಜೋರಾಗಿ ಹೇಳುತ್ತಾಳೆ, ಇನ್ನು ಎರಡೇ ಕಣ್ರೋ ಅಂತ.

ಅಷ್ಟನ್ನೂ ಬರೆಯೋದು ಕಷ್ಟ ಅನ್ನುವವರಿಗೆ ಇನ್ನೊಂದು ಉಪಾಯ ಬ್ಲ್ಯಾಕ್ ಹ್ಯಾಕ್ ಅನ್ನೋ ಆಟದಲ್ಲಿದೆ. ಬುತ್ತಿಗೆ ಒಂದು ದಾಳ, ಎಂಟು ಮುಖದ್ದು ಅಂತಿಟ್ಟುಕೊಳ್ಳಿ. ಬಳಸಿದಾಗ ಉರುಳಿಸಿ, ಒಂದೋ ಎರಡೋ ಬಿದ್ದರೆ ಆರು ಮುಖದ್ದಕ್ಕೆ ಇಳಿಸಿ, ಆಮೇಲೆ ನಾಲ್ಕು, ಆಮೇಲೆ ಖಾಲಿ. ಡಬ್ಬದಲ್ಲಿ ಎಷ್ಟಿದೆ ಅಂತ ಸರಿಯಾಗಿ ಗೊತ್ತಿಲ್ಲದೆ ಕೈ ಹಾಕಿದ ಹಾಗೆ. ನನಗೆ ಖಾನೆಯೇ ಇಷ್ಟ, ಆದರೆ ಇದೂ ಪರವಾಗಿಲ್ಲ.

ಎಲ್ಲ ಆಟಕ್ಕೂ ಇದು ಬೇಕು ಅಂತ ನಾನು ಹೇಳುತ್ತಿಲ್ಲ. ಅರಮನೆಯ ಒಳಸಂಚಿನ ಕಥೆಗೆ ಪಂಜು ಎಣಿಸೋದು ಸುಮ್ನೆ ತಲೆನೋವು. ಐದನೇ ಆವೃತ್ತಿಯಲ್ಲಂತೂ ಗುಡ್‌ಬೆರಿ ಅನ್ನೋ ಮೊದಲ ಹಂತದ ಮಂತ್ರವೊಂದರಿಂದ ಹತ್ತು ಹಣ್ಣು ಬರುತ್ತವೆ, ಒಂದು ಹಣ್ಣು ಒಬ್ಬರಿಗೆ ದಿನದ ಊಟ. ಬೆಳಕಿನ ಮಂತ್ರಕ್ಕೆ ಖರ್ಚೇ ಇಲ್ಲ. ಅಂಥ ಕಡೆ ಬುತ್ತಿ ಎಣಿಸಿ ಏನು ಪ್ರಯೋಜನ? ಆ ಎರಡು ಮಂತ್ರ ಬೇಡ ಅಂತ ಮೊದಲೇ ಎಲ್ಲರೂ ಕೂತು ಒಪ್ಪಿಕೊಳ್ಳಬೇಕು. ಇಲ್ಲವಾದರೆ ಲೇಖಕರು ಹೇಳಿದ್ದೇ ಸರಿ, ಬಿಟ್ಟುಬಿಡಿ.

ಲೇಖನದ ಎರಡನೇ ಭಾಗ ಬರುತ್ತದೆ ಅಂತ ಕೊನೆಯಲ್ಲಿ ಹಾಕಿದ್ದೀರಿ. ಅದರ ಮೂಲೆಯಲ್ಲಿ ಹತ್ತು ಗೆರೆಯ ಒಂದು ಖಾಲಿ ಚೀಟಿ ಅಚ್ಚು ಹಾಕಿ, ಹೊಸಬರು ಕತ್ತರಿಸಿಕೊಳ್ಳಲಿ. ಗೆರೆ ಹತ್ತೇ ಇರಲಿ ಸ್ವಾಮಿ, ಜಾಗ ಇದೆ ಅಂತ ಹನ್ನೆರಡು ಮಾಡಬೇಡಿ.

ಇಂತಿ,
ನಿಮ್ಮ ಓದುಗ, ಮೈಸೂರು