ಆಸ್ಟರ್ ಬುಡ ಬೇಕಾದವರ ಗಮನಕ್ಕೆ

ಹೊಸೂರಿನ ಹೂದೋಟದ ಬಳಗಕ್ಕೆ ನಮಸ್ಕಾರ. ಬರುವ ಭಾನುವಾರ ಬೆಳಗ್ಗೆ 8 ಗಂಟೆಗೆ ನಮ್ಮ ಮನೆಯ ಬಹುವಾರ್ಷಿಕ ಆಸ್ಟರ್ ಪೊದೆಯನ್ನು ಬಿಡಿಸಿ ಹಂಚುತ್ತೇನೆ. ಇದು ಹೂವಿನ ಮಾರುಕಟ್ಟೆಯ ಚೀನಾ ಆಸ್ಟರ್ ಅಲ್ಲ. ಅದು ಒಂದೇ ಹಂಗಾಮಿಗೆ ಮುಗಿಯುತ್ತದೆ, ಇದು ಬುಡದಿಂದ ಮತ್ತೆ ಚಿಗುರುತ್ತದೆ. ಮೂರು ವರ್ಷ ನಾನು ಬಿಡಿಸದೆ ಸೋಮಾರಿಯಾದೆ. ಈಗ ಪೊದೆಯ ನಡು ಬೋಳು, ಅಂಚಿನಲ್ಲಷ್ಟೇ ಚಿಗುರು. ಅಂಚಿನ ಆ ಬೇರುಸಹಿತ ತುಂಡುಗಳೇ ನಿಮಗೆ.

ಬಿಸಿಲು ಬೀಳುವಲ್ಲಿ ಒಂದೂವರೆ ಅಡಿ ಅಂತರದಲ್ಲಿ ನೆಡಿ. ಒತ್ತಾಗಿ ನೆಟ್ಟರೆ ಎಲೆಗೆ ಬೂದಿ ರೋಗ ಹಿಡಿಯುತ್ತದೆ. ಗೇಣುದ್ದವಾದಾಗ ತುದಿ ಚಿವುಟಿ. ಜುಲೈ ದಾಟಿದ ಮೇಲೆ ಬೇಡ, ಮೊಗ್ಗೇ ಹೋದೀತು.

ಸುತ್ತಿಕೊಂಡು ಹೋಗಲು ಹಳೆಯ ದಿನಪತ್ರಿಕೆ ತನ್ನಿ. ಎಷ್ಟು ಬುಡ ಬೇಕೆಂದು ಶುಕ್ರವಾರದೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳಿನ ಚಿತ್ರ ಒತ್ತಿದರೆ ನನಗೆ ಲೆಕ್ಕ ಸಿಗುವುದಿಲ್ಲ.